ಹಳೆಯ ಕಾರಿಗೆ ಹೊಸ ಬೆಲ್ಟ್



ವಿಜಯವಾಡದ ನಮ್ಮ ಮಾವನವರ 1970ರ ಫಿಯಟ್ 1100 ಈಗ ವಿಶಾಖಪಟ್ಟಣದಲ್ಲಿ ನಮ್ಮ ಮನೆಯಲ್ಲಿದೆ. ‘ಒಂದು ಸ್ಕ್ರೂ ಕೂಡ ಬದಲಾಯಿಸಬೇಡಮ್ಮ’ ಎನ್ನುತ್ತಾರೆ ಅವರು. ಆದರೆ ಅದರಲ್ಲಿ ಸೀಟ್ ಬೆಲ್ಟ್ ಇಲ್ಲ. ಹಿಂದೆ ಕೂರುವವಳು ನನ್ನ ಮಗಳು.

2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ ವಾಹನ ‘ವಿಂಟೇಜ್’ ಎನಿಸಿಕೊಳ್ಳಲು ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇರಬಾರದು. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗೆ ಮಾತ್ರ.

ನನಗೆ ಓಡುವ ಕಾರು ಬೇಕು. ಎಂಜಿನ್, ಬಣ್ಣ, ಡ್ಯಾಶ್‌ಬೋರ್ಡ್ ಮುಟ್ಟುವುದಿಲ್ಲ. ಕಡಲ ಉಪ್ಪುಗಾಳಿ ತಡೆಯಲು ಅಡಿಭಾಗಕ್ಕೆ ತುಕ್ಕುನಿರೋಧಕ ಬಳಿಸುತ್ತೇನೆ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ ಜೋಪಾನವಾಗಿಡುತ್ತೇನೆ. ಬೆಲ್ಟಿನ ಭದ್ರತೆಗೆ ಬಾಡಿಯಲ್ಲಿ ರಂಧ್ರ ಕೊರೆಯಬೇಕಾದರೆ, ಕೊರೆಸುತ್ತೇನೆ.

ಮಾವನವರ ನೆನಪೂ ಉಳಿಯಲಿ, ಮಗಳ ಜೀವವೂ ಸುರಕ್ಷಿತವಾಗಿರಲಿ.