ಹಳೆಯ ಮೇಪಲ್‌ಗೆ ಹೊಸ ರೆಂಬೆ



1923ರ ಮಹಾಭೂಕಂಪಕ್ಕೆ ಟೋಕಿಯೊ ಕುಸಿದು ಸುಟ್ಟಾಗ, ಅಲ್ಲಿನ ಕೆಲವು ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು ಹುಡುಕಿಕೊಂಡು ಉತ್ತರದ ಒಮಿಯಾಗೆ ಹೋದರು. 1925ರಲ್ಲಿ ಅಲ್ಲಿ ಬೋನ್ಸಾಯ್ ಗ್ರಾಮವೇ ಹುಟ್ಟಿತು.

ಬೋನ್ಸಾಯ್ ಮಾಡಲು ಕಾಡಿನಿಂದ ಅಗೆದು ತಂದ ಮರಕ್ಕೆ ಜಪಾನಿನಲ್ಲಿ ಯಮಾದೊರಿ ಎನ್ನುತ್ತಾರೆ. ಅಂಥ ಹಳೆಯ ಮೇಪಲ್‌ನ ಬುಡ ಗಟ್ಟಿಮುಟ್ಟು. ರೆಂಬೆಗಳು ಮಾತ್ರ ಬೇಕಾದ ಕಡೆ ಇರುವುದಿಲ್ಲ. ಹಾಗೆಂದು ತಂದ ಕೂಡಲೇ ಕತ್ತರಿ ಹಿಡಿಯುವಂತಿಲ್ಲ. ಬೇರು ಕುಂಡದಲ್ಲಿ ನೆಲೆಯೂರಬೇಕು, ಮರ ಚೇತರಿಸಿಕೊಳ್ಳಬೇಕು. ಚಿಗುರುವ ಮುನ್ನ ದೊಡ್ಡ ಕೊಂಬೆ ಕೊಯ್ದರೆ ಗಾಯದಿಂದ ರಸ ಸುರಿಯುತ್ತದೆ. ಎಲೆ ಬಲಿಯುವವರೆಗೆ ಕಾಯುವುದು ಕ್ಷೇಮ.

ಇಲ್ಲದ ಕಡೆ ರೆಂಬೆ ತರಿಸುವ ವಿದ್ಯೆ ನನಗೆ ಬಹಳ ಪ್ರಿಯ. ಅದೇ ಮರದ ಉದ್ದನೆಯ ಎಳೆ ಕಡ್ಡಿಯೊಂದನ್ನು ಬಗ್ಗಿಸಿ, ಕಾಂಡಕ್ಕೆ ಸಣ್ಣ ತೂತು ಕೊರೆದು, ಸೂಜಿಗೆ ದಾರ ಪೋಣಿಸಿದಂತೆ ಆಚೆಗೆ ದಾಟಿಸುತ್ತಾರೆ. ಒಂದು ಮೊಗ್ಗೂ ಮುರಿಯಬಾರದು. ಕಡ್ಡಿ ದಪ್ಪವಾಗುತ್ತಾ ತೂತನ್ನು ತುಂಬಿ, ಕಾಂಡದೊಂದಿಗೆ ಬೆಸೆದುಕೊಳ್ಳುತ್ತದೆ. ಒಳಹೋದ ಕಡೆಗಿಂತ ಹೊರಬಂದ ಕಡೆ ದಪ್ಪಗಾದರೆ ಬೆಸುಗೆ ಕೂಡಿದೆ ಎಂದರ್ಥ. ಆಗ ಹಿಂದಿನ ಭಾಗ ಕತ್ತರಿಸಿದರೆ, ಅದು ಆ ಜಾಗದ ಸ್ವಂತ ರೆಂಬೆ.

ಬಗ್ಗಿಸಲು ತಂತಿ ಸುತ್ತಿದ್ದರೆ ಆಗಾಗ ನೋಡುತ್ತಿರಬೇಕು. ಮೇಪಲ್‌ನ ತೆಳು ತೊಗಟೆಗೆ ಅದು ಬೇಗ ಕಚ್ಚಿಕೊಳ್ಳುತ್ತದೆ.

ಹಳೆಯ ಗಾಯ ಎದುರಿಗೇ ಕಂಡರೆ ಮರವನ್ನು ತಿರುಗಿಸಿ ಬೇರೆ ಮುಖ ಆರಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗಾಯಕ್ಕೆ ಲೇಪ ಹಚ್ಚಿ ಕೊಳೆಯದಂತೆ ಕಾಪಾಡಿದರೆ, ಅಂಚಿನಿಂದ ಹೊಸ ತೊಗಟೆ ವರ್ಷವರ್ಷವೂ ಅದರ ಮೇಲೆ ಹಬ್ಬುತ್ತದೆ.