ಗುಣಮಟ್ಟ ಮತ್ತು ನಮ್ಮ ಹೊಣೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಕೊಂಡು ತಂದ ಸಾಮಾನು ಮೊದಲಿನ ಹಾಗಿಲ್ಲ ಅಂತ ನಾವೆಲ್ಲ ದಿನಾ ಹೇಳ್ತೇವೆ. 5 ರೂಪಾಯಿ ಬಿಸ್ಕತ್ ಪೊಟ್ಟಣದ ಬೆಲೆ ಅದೇ, ತೂಕ ಮಾತ್ರ ಇಳೀತಾ ಬಂದಿದೆ. ಜಾತ್ರೇಲಿ ಐಸ್‌ಕ್ರೀಂ ಅಂತ ಮಕ್ಕಳಿಗೆ ಕೊಡಿಸುವುದರಲ್ಲಿ ಎಷ್ಟೋ ಸಲ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಇರುತ್ತದೆ. ಅಂಥದ್ದರ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದು ಬರೆಯಬೇಕೆಂಬ ನಿಯಮವಿದೆ. ಆದರೆ ಓದುವವರು ಯಾರು? ಹಾಲಿನ ಜಾಗಕ್ಕೆ ಎಣ್ಣೆ ಬಂದರೆ ನಷ್ಟ ಹಾಲು ಕರೆಯುವ ನಮಗೇ.

ಬೇರೆಯವರನ್ನು ಬಯ್ಯುವ ನಾವು ಅದೇ ಕೆಲಸ ಮಾಡಬಾರದಲ್ಲ! ಬಿ.ಎಂ.ಸಿ. ತೊಟ್ಟಿಗೆ ಬಿದ್ದ ಮೇಲೆ ಎಲ್ಲರ ಹಾಲೂ ಒಂದೇ. ಒಬ್ಬರು ಬೆರೆಸಿದ ನೀರು ಎಲ್ಲರ ಹಾಲನ್ನೂ ತೆಳುವಾಗಿಸುತ್ತದೆ. ಒಂದು ಕೊಳಕು ಕ್ಯಾನು ಊರಿನ ಹಾಲನ್ನೇ ಕೆಡಿಸುತ್ತದೆ. ದರ ಕಡಿಮೆಯಾದರೆ ಪ್ರಾಮಾಣಿಕವಾಗಿ ತಂದವರಿಗೂ ಪೆಟ್ಟು.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂದಿನಿಂದಲೂ ಸಹಕಾರಕ್ಕೆ ನಂಬಿಕೆಯೇ ಬಂಡವಾಳ. ಅದು ಉಳಿಯಬೇಕಾದರೆ ಕ್ಯಾನು ತೊಳೆದು ತರೋಣ, ಕೊಬ್ಬಿನ ಪರೀಕ್ಷೆ ನಮ್ಮ ಕಣ್ಣೆದುರೇ ಆಗಲಿ, ಅಂಗಡಿಯಲ್ಲಿ ತೂಕ ಓದಿ ಕೊಳ್ಳೋಣ.