ಊರಿನ ಅಂಗನವಾಡಿಗೆ ನಾವು ಇಲ್ಲಿಂದ ಏನು ಮಾಡಬಹುದು
(ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳು)

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷ ಆಗುತ್ತೆ, ಊಟ ತಡವಾದ್ರೆ ನನ್ನನ್ನೇ ಬೈಯಿರಿ.

ಇವತ್ತು ನಾನು ಮಾತಾಡೋದು ಆರು ವರ್ಷದೊಳಗಿನ ಮಕ್ಕಳ ಬಗ್ಗೆ. ನಮ್ಮಲ್ಲಿ ಹೆಚ್ಚಿನವರು ಪಿಎಲ್‌ಕೆಎಸ್ ಪಾಸಿನ ಮೇಲೆ ಬಂದವರು. ಈ ಪಾಸಿನಲ್ಲಿ ಹೆಂಡತಿ ಮಕ್ಕಳನ್ನು ಕರೆತರೋ ಹಾಗಿಲ್ಲ. ಆಫೀಸು ಕೆಲಸದ ಪಾಸ್ ಇರೋರು ತರಬಹುದು, ನಾವು ತರೋಕಾಗಲ್ಲ. ಹಾಗಾಗಿ ಮಗು ಮಗುಚಿದ್ದು, ನಿಂತಿದ್ದು, ಮೊದಲ ಮಾತಾಡಿದ್ದು ಎಲ್ಲ ನಮಗೆ ಫೋನಿನಲ್ಲೇ. ಮನೆಯಲ್ಲಿ ಅದರ ತಾಯಿ, ಅಜ್ಜಿ ಇರ್ತಾರೆ. ಮನೆಯ ಹೊರಗೆ ಆ ಮಗುವಿಗೆ ಅಂತ ಊರಲ್ಲಿ ಇರೋದು ಒಂದೇ ಜಾಗ, ಅಂಗನವಾಡಿ. ಅದು ಸರಿಯಾಗಿ ನಡೆದರೆ ನಮ್ಮ ಅರ್ಧ ಚಿಂತೆ ಕಡಿಮೆ. ಆದ್ರೆ ನಾವು ಇಲ್ಲಿಂದ ಕಳಿಸೋ ದುಡ್ಡೇ ಅದನ್ನು ಖಾಲಿ ಮಾಡ್ತಾ ಇದೆ ಅನ್ನೋದು ನನ್ನ ಅನುಮಾನ. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಈ ನೆಲದ್ದೇ ಒಂದು ಮಾತು. ಇಲ್ಲಿನ ರಬ್ಬರ್ ಎಸ್ಟೇಟುಗಳಿಗೆ ನಮಗಿಂತ ನೂರು ವರ್ಷ ಮುಂಚೆ ಬಂದ ತಮಿಳು ಕೂಲಿಗಳು ಮಕ್ಕಳನ್ನು ಜೊತೆಗೆ ಇಟ್ಟುಕೊಂಡಿದ್ದರು. ರಬ್ಬರ್ ಹಾಲು ಇಳಿಸೋಕೆ ನಸುಕಿಗೇ ಹೋಗಬೇಕು, ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಕೈಗೂಸುಗಳನ್ನು ಲೈನ್ ಮನೆಗಳ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಒಬ್ಬ ಆಯಾ ಹತ್ತಿರ ಬಿಟ್ಟು ಹೋಗ್ತಿದ್ದರು. ಅದಕ್ಕೆ ಆಯಾ ಕೊಟ್ಟಾಯಿ ಅಂತಲೇ ಹೆಸರು. ಹಳೇ ಎಸ್ಟೇಟಿನ ಯಾವ ಅಜ್ಜಿಯನ್ನಾದರೂ ಕೇಳಿ, ಗೊತ್ತಿರುತ್ತೆ. ಶಾಲೆ ವಯಸ್ಸಿನ ಹತ್ತು ಮಕ್ಕಳಿದ್ದರೆ ಎಸ್ಟೇಟಿನವನೇ ಶಾಲೆ ನಡೆಸಬೇಕು ಅಂತ 1923ರ ಕಾರ್ಮಿಕ ಸಂಹಿತೆಯಲ್ಲೇ ಇತ್ತು. ಶಾಲೆ ಹೇಗಿತ್ತು ಅನ್ನೋದು ಬೇರೆ ಮಾತು. ಆದ್ರೂ ಆ ಮಕ್ಕಳು ಸಂಜೆ ಅಪ್ಪನ ಮುಖ ನೋಡ್ತಿದ್ದವು.

ಈಗ ನಮ್ಮ ಕಡೆ ಬರೋಣ. ಅಂಗನವಾಡಿ ಅಂದ್ರೆ ಉಪ್ಪಿಟ್ಟು ಹಾಕೋ ಜಾಗ ಅಂತ ತುಂಬಾ ಜನ ತಿಳಿದಿದ್ದಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದಲ್ಲಿ 33 ಕಡೆ. ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿ. ನರಸೀಪುರ ತಾಲ್ಲೂಕಿಗೆ. ನಮ್ಮ ತಾಲ್ಲೂಕಿನವರು ಸೋಸಲೆ, ತಲಕಾಡು ಅಂತ ಹೆಮ್ಮೆ ಪಡ್ತಾರೆ, ಇದನ್ನು ಮಾತ್ರ ಯಾರೂ ಹೇಳಲ್ಲ! ಇವತ್ತು ರಾಜ್ಯದಲ್ಲಿ 65 ಸಾವಿರಕ್ಕಿಂತ ಹೆಚ್ಚು ಅಂಗನವಾಡಿಗಳಿವೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಪಾಠ, ಬಿಸಿ ಊಟ. ಮೂರು ವರ್ಷದೊಳಗಿನವಕ್ಕೆ ಮನೆಗೆ ಪೌಷ್ಟಿಕ ಆಹಾರ. ಚುಚ್ಚುಮದ್ದು, ತೂಕ ನೋಡೋದು ಎಲ್ಲ ಅಲ್ಲೇ. 2013ರಿಂದ ಕ್ಷೀರಭಾಗ್ಯದ ಹಾಲು, ವಾರಕ್ಕೆರಡು ದಿನ ಮೊಟ್ಟೆ. 2017ರಿಂದ ಮಾತೃಪೂರ್ಣದಲ್ಲಿ ಬಸುರಿ ಬಾಣಂತಿಯರಿಗೂ ಮಧ್ಯಾಹ್ನದ ಊಟ.

ಇಷ್ಟೆಲ್ಲ ಇದ್ದೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂವರಲ್ಲಿ ಒಂದು ಮಗು ಅಂತ ಲೆಕ್ಕ. ದುಡ್ಡು ಕಳಿಸ್ತೀವಲ್ಲ, ನಮ್ಮ ಮನೇಲಿ ಹಾಗಿಲ್ಲ ಅಂತ ಯಾರಾದ್ರೂ ಹೇಳಿದರೆ, ಚಾರ್ಟ್ ನೋಡಿದ್ದೀರಾ ಅಂತ ಕೇಳ್ತೀನಿ. ಬಿಸ್ಕತ್ತು, ಕುರ್‌ಕುರೆ ತಿಂದು ಹೊಟ್ಟೆ ತುಂಬಿಸಿಕೊಂಡ ಮಗುವಿನ ತೂಕವೂ ಏರಲ್ಲ.

ಅನುಮಾನ ಅಂದೆನಲ್ಲ, ಅದು ಇದು. ಹೊರದೇಶದಿಂದ ದುಡ್ಡು ಬರೋ ಮನೆ ಅಂದ್ರೆ ಊರಲ್ಲಿ ಒಂದು ಮರ್ಯಾದೆ ಇರುತ್ತೆ. ಮೂರು ವರ್ಷ ತುಂಬಿದ ಕೂಡಲೇ ಮಗುವಿಗೆ ಟೈ ಕಟ್ಟಿ, ಹಳದಿ ವ್ಯಾನ್ ಹತ್ತಿಸಿ, ಪಟ್ಟಣದ ಎಲ್‌ಕೆಜಿಗೆ ಕಳಿಸದಿದ್ದರೆ ಆ ಮರ್ಯಾದೆ ಉಳಿಯಲ್ಲ. ನನಗೂ ಮನೆಯಿಂದ ಈ ಮಾತು ಬಂತು. ಬೆಳಿಗ್ಗೆ ಏಳೂವರೆಗೆ ವ್ಯಾನ್, ಹೋಗೋಕೆ ಮುಕ್ಕಾಲು ಗಂಟೆ, ಬರೋಕೆ ಮುಕ್ಕಾಲು ಗಂಟೆ. ಮೂರೂವರೆ ವರ್ಷದ ಕೂಸು! ನಾನು ಬೇಡ ಅಂದೆ. ನನ್ನ ಮಗಳು ಇವತ್ತಿಗೂ ಊರಿನ ಅಂಗನವಾಡಿಗೇ ನಡೆದು ಹೋಗ್ತಾಳೆ, ಎರಡು ನಿಮಿಷದ ದಾರಿ. ಅವಳ ಜೊತೆ ಇದ್ದವರಲ್ಲಿ ನಾಲ್ಕು ಮಕ್ಕಳು ವ್ಯಾನಿಗೆ ಹೋದವು. ಮಾತಾಡೋ ಶಕ್ತಿ ಇರೋ ಅಪ್ಪ ಅಮ್ಮ ಹೊರಗೆ ಹೋದ್ರೆ, ಬೇಳೆ ಸರಿಯಿಲ್ಲ, ಚಾವಣಿ ಸೋರ್ತಿದೆ ಅಂತ ಪಂಚಾಯ್ತಿಯಲ್ಲಿ ಕೇಳೋರು ಯಾರು? ಉಳಿದವರು ಕೂಲಿಗೆ ಹೋಗೋರು, ಅವರಿಗೆ ಕೇಳೋಕೆ ಪುರುಸೊತ್ತಿಲ್ಲ.

ಇಂಗ್ಲಿಷ್ ಬೇಡವಾ ಅಂತ ಕೇಳ್ತೀರಿ. ಬೇಕು. 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಇದೇ ವಿಷಯಕ್ಕೆ. ಎಲ್‌ಕೆಜಿ, ಯುಕೆಜಿಯನ್ನು ಸರ್ಕಾರಿ ಶಾಲೆಗೆ ಕೊಟ್ಟು ನಮ್ಮ ಮಕ್ಕಳನ್ನು ಕಿತ್ಕೋಬೇಡಿ, ಅಂಗನವಾಡಿಯಲ್ಲೇ ಶುರು ಮಾಡಿ ಅಂತ ಅವರ ಬೇಡಿಕೆ. ನನಗೆ ಅದು ನ್ಯಾಯ ಅನ್ನಿಸಿತು. ಅವರಿಗೆ ಬರೋದು ಸಂಬಳ ಅಲ್ಲ, ಗೌರವಧನ. ಅದರ ಮೇಲೆ ಸರ್ವೇ ಕೆಲಸ, ಚುನಾವಣೆ ಕೆಲಸ, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ದಿನಾ ಎಂಟ್ರಿ. ನಮ್ಮ ಸೂಪರ್‌ವೈಸರ್‌ಗೆ ಇಷ್ಟು ಕೆಲಸ ಕೊಟ್ಟರೆ ಸೈಟ್ ಬಿಟ್ಟು ಓಡ್ತಾನೆ.

ಸರಿ, ನಾವೇನು ಮಾಡಬಹುದು? ಕಳೆದ ಸಲ ರಜೆಗೆ ಹೋದಾಗ ನಾನು ಒಂದು ಅಂಗನವಾಡಿಯ ಒಳಗೆ ಹೋಗಿ ನೋಡಿದೆ. ಐಟಿಐ ಕಣ್ಣು, ಮೊದಲು ಗೋಡೆಗೇ ಹೋಗುತ್ತೆ. ಮಕ್ಕಳು ಕೂರೋ ಚಾಪೆ ಪಕ್ಕದಲ್ಲೇ, ನೆಲದಿಂದ ಒಂದಡಿ ಎತ್ತರದಲ್ಲಿ, ಮುಚ್ಚಳ ಒಡೆದ ಸಾಕೆಟ್. ಅರ್ತಿಂಗ್ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಗೋಡೆ ಒದ್ದೆ ಆಗುತ್ತೆ ಅಂತ ಸಹಾಯಕಿ ಹೇಳಿದರು. ಕಾರ್ಯಕರ್ತೆ ಹತ್ತಿರ ಕೇಳಿ, ಬಾಲ ವಿಕಾಸ ಸಮಿತಿಯವರನ್ನೂ ಇಲಾಖೆಯ ಮೇಲ್ವಿಚಾರಕಿಯನ್ನೂ ಒಪ್ಪಿಸಿ, ಎರಡು ದಿನದಲ್ಲಿ ಸರಿ ಮಾಡಿದ್ದಾಯ್ತು. ಸಾಕೆಟ್ ಐದಡಿ ಮೇಲಕ್ಕೆ ಹೋಯ್ತು, ಅರ್ತ್ ಗುಂಡಿ ತೋಡಿದೆವು, 30 ಮಿಲಿ ಆಂಪಿಯರ್‌ನ ಒಂದು ಆರ್‌ಸಿಸಿಬಿ ಹಾಕಿದೆವು. ಮೈಗೆ ಕರೆಂಟ್ ಹರಿದರೆ ಕಣ್ಣು ಮಿಟುಕಿಸೋದ್ರೊಳಗೆ ಅದು ಲೈನ್ ಕಡಿಯುತ್ತೆ. ಸಾಮಾನಿನ ಖರ್ಚು ರೂಮಿನ ನಾವು ಮೂರು ಜನ ಹಂಚಿಕೊಂಡೆವು. ನಮ್ಮ ಒಂದು ವಾರದ ಓಟಿಗಿಂತ ಕಡಿಮೆ ಬಿತ್ತು.

ಇಲ್ಲಿನ ಮಲಾಯ್ ಜನ ಇದಕ್ಕೆ ಗೋತೋಂಗ್ ರೋಯೋಂಗ್ ಅಂತಾರೆ. ಕಂಪೋಂಗ್‌ಗಳಲ್ಲಿ ತಬಿಕಾ ಕೆಮಾಸ್ ಅಂತ ಬೋರ್ಡ್ ನೋಡಿರ್ತೀರಿ, ಅದು ನಮ್ಮ ಅಂಗನವಾಡಿ ಥರದ ಸರ್ಕಾರಿ ಬಾಲವಾಡಿ. ರಜಾ ದಿನ ತಂದೆಯರು ಸೇರಿ ಹುಲ್ಲು ಕತ್ತರಿಸಿ, ಬೇಲಿಗೆ ಬಣ್ಣ ಬಳಿದು, ಕೂತು ಊಟ ಮಾಡಿ ಹೋಗ್ತಾರೆ. ನಮ್ಮಲ್ಲಿ ಪೇಂಟರ್ ಇದ್ದಾರೆ, ಪ್ಲಂಬರ್, ವೆಲ್ಡರ್, ಬಡಗಿ ಇದ್ದಾರೆ. ದೇವಸ್ಥಾನದ ಕಳಶಕ್ಕೆ ದುಡ್ಡು ಎತ್ತೋಕೆ ನಮಗೆ ಒಂದು ವಾರ ಸಾಕು. ಕೊಡಬೇಡಿ ಅನ್ನಲ್ಲ, ದೇವರ ಜೊತೆ ಜಗಳ ನನಗೆ ಬೇಡ.

ಇನ್ನು ದುಡ್ಡಿಲ್ಲದ ಕೆಲಸ. ಫೋನಿನಲ್ಲಿ ಊಟ ಆಯ್ತಾ ಅಂತ ಕೇಳ್ತೀವಿ. ಅದರ ಜೊತೆ, ಈ ತಿಂಗಳು ತೂಕ ಎಷ್ಟು, ಚಾರ್ಟಿನಲ್ಲಿ ಯಾವ ಬಣ್ಣದಲ್ಲಿದೆ ಅಂತ ಕೇಳಿ. ತಾಯಿ ಕಾರ್ಡಿನ ಫೋಟೋ ವಾಟ್ಸಾಪಿಗೆ ಹಾಕಿಸಿಕೊಳ್ಳಿ. ತೀವ್ರ ಅಪೌಷ್ಟಿಕತೆ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಇದೆ, ತಾಯಿ ಮಗು ಇಬ್ಬರನ್ನೂ ಸೇರಿಸಿಕೊಳ್ತಾರೆ, ಕೂಲಿ ಹೋದದ್ದಕ್ಕೆ ತಾಯಿಗೆ ದಿನಭತ್ಯೆಯೂ ಉಂಟು. ಇನ್ನು ಹೊತ್ತು. ನಮ್ಮ ಗಡಿಯಾರ ಊರಿಗಿಂತ ಎರಡೂವರೆ ಗಂಟೆ ಮುಂದೆ. ನಾವು ಓಟಿ ಮುಗಿಸಿ, ಅಡುಗೆ ಮಾಡಿ, ಹನ್ನೊಂದೂವರೆಗೆ ಫೋನ್ ಮಾಡಿದರೆ ಅಲ್ಲಿ ಒಂಬತ್ತು, ಮಗು ನಿದ್ದೆಗಣ್ಣಲ್ಲಿರುತ್ತೆ. ಎಂಟಕ್ಕೆ, ಬ್ರೇಕಿನಲ್ಲಿ ಮಾಡಿದರೆ ಅಲ್ಲಿ ಐದೂವರೆ, ಅಂಗನವಾಡಿಯಲ್ಲಿ ಕಲಿತ ಹಾಡು ಬಾಯಲ್ಲಿ ಇರುತ್ತೆ. ಕೇಳಿಸಿಕೊಳ್ಳಿ, ನೀವೂ ಒಂದು ಕಥೆ ಹೇಳಿ. ಅರ್ಧ ಹೇಳಿ ನಿಲ್ಲಿಸಿದರೆ ಇನ್ನೂ ಒಳ್ಳೇದು, ನಾಳೆ ಅದೇ ಫೋನ್ ಮಾಡಿಸುತ್ತೆ.

ದೀಪಾವಳಿಗೆ ಯಾರು ಊರಿಗೆ ಹೋಗ್ತಿದ್ದೀರೋ ಅವರು ಊಟ ಆದಮೇಲೆ ನನ್ನ ಹತ್ರ ಬನ್ನಿ. ಒಂದು ಸಾಕೆಟ್ ಟೆಸ್ಟರ್ ಕೊಡ್ತೀನಿ, ಹೇಗೆ ನೋಡೋದು ಅಂತ ತೋರಿಸ್ತೀನಿ. ನನ್ನ ಹತ್ರ ಇರೋದು ನಾಲ್ಕೇ.